ನೀವು ಕಂಡ ಆ ಮಬ್ಬೇ ಆಂಡ್ರೊಮಿಡಾ

ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳ ಸಂಚಿಕೆಯಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ, ಅಂದರೆ ನಕ್ಷತ್ರಗಳ ಒಂದು ಭಾರೀ ಗುಂಪಿನ, ಬಣ್ಣದ ಫೋಟೋ ಬಂದಿತ್ತು. ಅದನ್ನು ನೋಡಿ ಬರೆದ ಪತ್ರಗಳೇ ಈ ಸಲ ಜಾಸ್ತಿ. ಹಾಗಾಗಿ ಈ ತಿಂಗಳು ಬೇರೆ ಯಾವ ವಿಷಯವೂ ಬೇಡ, ಪೂರ್ತಿ ಅದಕ್ಕೇ ಇರಲಿ ಅಂದುಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಒಂದು ಗ್ಯಾಲಕ್ಸಿಯನ್ನು 40 ವರ್ಷದಿಂದ, ಮಳೆಗಾಲ ಕಳೆದ ಮೇಲೆ ತಪ್ಪದೆ ನೋಡುತ್ತಾ ಬಂದಿದ್ದೇನೆ. ಪತ್ರಗಳನ್ನು ಓದುವಾಗ ತುಂಬಾ ಸಂತೋಷವಾಯಿತು.

ಪ್ರಶ್ನೆ: ಹದಿನೆಂಟು ಸಾವಿರ ಕೊಟ್ಟು 114 ಎಂಎಂ ಟೆಲಿಸ್ಕೋಪ್ ತಗೊಂಡೆ ಮೇಡಂ. ಉದ್ದ 900 ಎಂಎಂ ಅಂತ ಬರೆದಿದೆ. ಮನೆ ತಾರಸಿಯಿಂದ ಮೂರು ರಾತ್ರಿ ಆಂಡ್ರೊಮಿಡಾ ನೋಡಿದೆ. ಬೂದು ಬಣ್ಣದ ಮಬ್ಬು ಬಿಟ್ಟು ಏನೂ ಕಾಣಲಿಲ್ಲ. ಫೋಟೋದಲ್ಲಿ ಇರುವ ಸುರುಳಿ ಎಲ್ಲಿ? ನನಗೆ ಮೋಸ ಆಗಿದೆಯಾ? (ಅಂಗಡಿ ಮಾಲೀಕರು, ತುಮಕೂರು)

ಮೋಸ ಆಗಿಲ್ಲ. ನೀವು ಅದನ್ನು ಕಂಡಿದ್ದೀರಿ. ಆ ಬೂದು ಮಬ್ಬೇ ಆಂಡ್ರೊಮಿಡಾ. ಅದರ ನಡುಭಾಗ ಮಾತ್ರ ನಿಮಗೆ ಸಿಕ್ಕಿದೆ, ಅಷ್ಟೇ.

ನಿಮ್ಮ ಪತ್ರ ಓದಿದಾಗ ನನಗೆ 1985ರ ಡಿಸೆಂಬರ್ ನೆನಪಾಯಿತು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಹ್ಯಾಲಿ ಧೂಮಕೇತು ಬರುತ್ತಿದೆ ಅಂತ ಪತ್ರಿಕೆಗಳಲ್ಲಿ ದಿನಾ ಸುದ್ದಿ. ರಜೆಗೆ ಚಳ್ಳಕೆರೆ ತಾಲ್ಲೂಕಿನ ನಮ್ಮೂರಿಗೆ ಬಂದವಳು ಸೋದರಮಾವನ ಬೈನಾಕ್ಯುಲರ್ ಇಸಕೊಂಡೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಾಳಿಗೆ ತುಂಬಾ ಶೇಂಗಾ ಒಣಹಾಕಿದ್ದರು. ಒಂದು ಮೂಲೆಯಲ್ಲಿ ಶೇಂಗಾ ಸರಿಸಿ, ಕಂಬಳಿ ಹಾಸಿ, ಅಂಗಾತ ಮಲಗಿ ಹುಡುಕಿದೆ. ಒಂದು ಮಬ್ಬು ಸಿಕ್ಕಿತು. ಉದ್ದಕ್ಕಿತ್ತು, ಬಾಲ ಇದ್ದ ಹಾಗೆ. ಹ್ಯಾಲಿ ಸಿಕ್ಕಿತು ಅಂತ ಅಪ್ಪನನ್ನು ಕೂಗಿ ಕರೆದೆ. ನಾಲ್ಕು ರಾತ್ರಿ ನೋಡಿದರೂ ಅದು ಇದ್ದ ಜಾಗ ಬಿಟ್ಟು ಕದಲಲಿಲ್ಲ. ಧೂಮಕೇತು ಆಗಿದ್ದರೆ ನಕ್ಷತ್ರಗಳ ನಡುವೆ ದಿನ ದಿನಕ್ಕೂ ಸರಿಯಬೇಕಿತ್ತು. ರಜೆ ಮುಗಿಸಿ ಹೋದಾಗ ಕಾಲೇಜಿನ ಮೇಷ್ಟ್ರು ನಕ್ಷೆ ಬಿಡಿಸಿ, ನೀನು ನೋಡಿದ್ದು ಎಂ 31 ಕಣಮ್ಮಾ ಅಂದರು.

ಎಂ ಅಂದರೆ ಮೆಸಿಯೆ. ಫ್ರಾನ್ಸಿನ ಶಾರ್ಲ್ ಮೆಸಿಯೆ ಧೂಮಕೇತು ಹುಡುಕುವವರು. ಧೂಮಕೇತುವಿನ ಹಾಗೆ ಕಂಡು ಮೋಸ ಹೋಗುವಂಥ ಮಬ್ಬುಗಳನ್ನೆಲ್ಲ ಅವರು ಒಂದು ಪಟ್ಟಿ ಮಾಡಿಟ್ಟರು. 1764ರಲ್ಲಿ ಆ ಪಟ್ಟಿಯ 31ನೇ ಸ್ಥಾನಕ್ಕೆ ಬಂದದ್ದು ನಮ್ಮ ಈ ಮಬ್ಬು. ಇನ್ನೂ ಹಿಂದೆ, 964ರಲ್ಲಿ, ಪರ್ಷಿಯಾದ ಅಲ್ ಸೂಫಿ ಟೆಲಿಸ್ಕೋಪೇ ಇಲ್ಲದ ಕಾಲದಲ್ಲಿ ಇದನ್ನು ಪುಟ್ಟ ಮೋಡ ಅಂತ ಬರೆದಿಟ್ಟಿದ್ದರು. 1612ರಲ್ಲಿ ಜರ್ಮನಿಯ ಸೈಮನ್ ಮಾರಿಯಸ್ ಟೆಲಿಸ್ಕೋಪಿನಲ್ಲಿ ನೋಡಿ, ಕೊಂಬಿನ ತೆಳು ಹಾಳೆಯ ಹಿಂದೆ ಉರಿಯುವ ಮೇಣದ ಬತ್ತಿಯ ಹಾಗಿದೆ ಅಂದರು. ನಮ್ಮ ಕಡೆ ಹೇಳುವುದಾದರೆ ದೂರದ ಮನೆಯಲ್ಲಿ ಕಟ್ಟಿದ ಆಕಾಶಬುಟ್ಟಿಯ ಬೆಳಕು. ನೀವು ಕಂಡದ್ದೂ ಅದನ್ನೇ ಅಲ್ವಾ?

ಹಾಗಾದರೆ ಸುರುಳಿ ಏಕೆ ಕಾಣಲಿಲ್ಲ? ಒಂದು ಕಾರಣ ಕಣ್ಣು. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಡುತ್ತದೆ. ಕಣ್ಣು ಹಾಗಲ್ಲ. ಈ ಕ್ಷಣ ಬಿದ್ದ ಬೆಳಕನ್ನು ಆಗಲೇ ಖರ್ಚು ಮಾಡಿಬಿಡುತ್ತದೆ. ಇಷ್ಟು ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ಅದಕ್ಕೇ ಎಲ್ಲ ಬೂದು.

ಇನ್ನೊಂದು ಕಾರಣ ಟೆಲಿಸ್ಕೋಪು. ಅದು ಜಾಸ್ತಿ ಬೆಳಕು ಕೂಡಿಸುತ್ತದೆ ನಿಜ. ಆದರೆ ಆ ಬೆಳಕನ್ನು ಹಿಗ್ಗಿಸಿ ಹರಡಿಯೂ ಬಿಡುತ್ತದೆ. ಬೆಣ್ಣೆಯನ್ನು ದೊಡ್ಡ ರೊಟ್ಟಿಗೆ ಸವರಿದರೆ ತೆಳ್ಳಗಾಗುವ ಹಾಗೆ. ನಕ್ಷತ್ರ ಬರೀ ಚುಕ್ಕೆ, ಅದು ಟೆಲಿಸ್ಕೋಪಿನಲ್ಲಿ ಪ್ರಕಾಶವಾಗಿ ಕಾಣುತ್ತದೆ. ಹರಡಿಕೊಂಡ ಮಬ್ಬು ಮಾತ್ರ ದೊಡ್ಡದಾಗಿ ಕಾಣುತ್ತದೆಯೇ ಹೊರತು ಇನ್ನಷ್ಟು ಬೆಳಗುವುದಿಲ್ಲ. ಹಾಗಾಗಿ ಆಕಾಶ ಎಷ್ಟು ಕಪ್ಪಾಗಿದೆ ಅನ್ನುವುದೇ ಇಲ್ಲಿ ಮುಖ್ಯ. ನಿಮ್ಮ ತಾರಸಿ ಸುತ್ತ ಬೀದಿಯ ಎಲ್‌ಇಡಿ ದೀಪಗಳಿದ್ದರೆ ಅದರ ಅಂಚೆಲ್ಲ ಆ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ.

ಜೊತೆಗೆ ಅದರ ಗಾತ್ರ. ಆಂಡ್ರೊಮಿಡಾ ಆಕಾಶದಲ್ಲಿ ಸುಮಾರು 3 ಡಿಗ್ರಿ ಉದ್ದ ಚಾಚಿದೆ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು! ನೀವು 10 ಎಂಎಂ ಐಪೀಸ್ (ಕಣ್ಣಿಟ್ಟು ನೋಡುವ ಗಾಜು) ಹಾಕಿದ್ದರೆ 90 ಪಟ್ಟು ಹಿಗ್ಗಿ, ಒಬ್ಬ ಚಂದ್ರನಷ್ಟು ಜಾಗ ಮಾತ್ರ ಕಂಡಿರುತ್ತದೆ. 25 ಎಂಎಂ ಐಪೀಸ್ ಹಾಕಿ. ಆಗ 36 ಪಟ್ಟು, ಚೌಕಟ್ಟು ದೊಡ್ಡದು. ಟೆಲಿಸ್ಕೋಪನ್ನು ಶಿರಾ ಕಡೆ ಯಾವುದಾದರೂ ನೆಂಟರ ತೋಟಕ್ಕೆ ಒಯ್ಯಿರಿ. ಅರ್ಧ ಗಂಟೆ ಕತ್ತಲಲ್ಲಿ ಕೂತು ಕಣ್ಣು ಪಳಗಿಸಿ. ಮೊಬೈಲ್ ಮುಟ್ಟಬೇಡಿ. ಆಮೇಲೆ ಓರೆಗಣ್ಣಿನಿಂದ ನೋಡಿ. ಕಣ್ಣಿನ ಒಳಪರದೆಯ ನಟ್ಟನಡುವೆ ಮಂದ ಬೆಳಕು ಹಿಡಿಯುವ ಕೋಶಗಳಿಲ್ಲ, ಅವು ಇರುವುದು ಸುತ್ತಲೂ. ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಮಬ್ಬು ಎರಡೂ ಕಡೆ ಹಿಗ್ಗುತ್ತಾ ಹೋಗುವುದು ನಿಮಗೇ ಗೊತ್ತಾಗುತ್ತದೆ. ಮಗ್ಗುಲಲ್ಲಿ ಮಸುಕಾದ ನಕ್ಷತ್ರದ ಹಾಗೆ ಒಂದು ಪುಟ್ಟ ಉಂಡೆ ಕಾಣಬಹುದು. ಅದು ಎಂ 32, ಆಂಡ್ರೊಮಿಡಾದ ಜೊತೆಗಾರ ಗ್ಯಾಲಕ್ಸಿ.

ಸುರುಳಿಯ ವಿಷಯ ಹೇಳಲೇಬೇಕು. ಅದನ್ನು ಕಣ್ಣಿನಿಂದ ಕಂಡು ಹಿಡಿದವರು ಯಾರೂ ಇಲ್ಲ. ಆಂಡ್ರೊಮಿಡಾ ನಮ್ಮ ಕಡೆಗೆ ಓರೆಯಾಗಿ ತಿರುಗಿದೆ, ಊಟದ ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಕಡೆಯಿಂದ ನೋಡಿದ ಹಾಗೆ. 1888ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ 20 ಇಂಚಿನ ಟೆಲಿಸ್ಕೋಪಿಗೆ ಗಾಜಿನ ಫೋಟೋ ಫಲಕ ಇಟ್ಟು ತೆಗೆದ ಚಿತ್ರದಲ್ಲಿ ಮೊದಲ ಸಲ ಸುರುಳಿ ಕಾಣಿಸಿಕೊಂಡಿತು. ಅದು ಹೊಸದಾಗಿ ಹುಟ್ಟುತ್ತಿರುವ ಒಂದು ಸೌರಮಂಡಲ ಅಂತ ಆಗ ಭಾವಿಸಿದ್ದರು. ಕಣ್ಣಿಗೆ ಬಿದ್ದು ಒಂಬೈನೂರು ವರ್ಷ ಕಳೆದಿದ್ದರೂ ಏನು ನೋಡುತ್ತಿದ್ದೇವೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ನೀವು ಮೂರು ರಾತ್ರಿಗೇ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಟೀಚರ್, ನನ್ನ ಹತ್ತಿರ ಟೆಲಿಸ್ಕೋಪ್ ಇಲ್ಲ. ಬರಿಗಣ್ಣಿನಲ್ಲಿ ಕಾಣುತ್ತೆ ಅಂತ ಬರೆದಿದ್ದಿರಿ. ಎಲ್ಲಿ, ಯಾವಾಗ ನೋಡಬೇಕು? (9ನೇ ತರಗತಿ ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು)

ಮಗಳೇ, ನಿಮ್ಮ ಕಡೆ ಮಳೆ ಮೋಡ ಹೋಗುವ ತನಕ ಕಾಯಬೇಕು. ದೀಪಾವಳಿ ಹೊತ್ತು ಸರಿಯಾದ ಕಾಲ. ಅಮಾವಾಸ್ಯೆ ಇರುವುದರಿಂದ ಚಂದ್ರನ ಕಾಟ ಇಲ್ಲ. ಆದರೆ ಹಬ್ಬದ ಮೂರು ರಾತ್ರಿ ಪಟಾಕಿ ಹೊಗೆ ಇರುತ್ತದೆ. ಅದಕ್ಕೆ ಎರಡು ದಿನ ಮೊದಲೋ, ನಾಲ್ಕು ದಿನ ಆದ ಮೇಲೋ ನೋಡು. ನವೆಂಬರ್ ಆರಂಭದಲ್ಲಾದರೆ ರಾತ್ರಿ 9ರ ಸುಮಾರು.

ಅಂಗಳದಲ್ಲಿ ಚಾಪೆ ಹಾಸಿ, ಉತ್ತರಕ್ಕೆ ಕಾಲು, ದಕ್ಷಿಣಕ್ಕೆ ತಲೆ ಮಾಡಿ ಮಲಗು. ಉತ್ತರಕ್ಕೆ ತಲೆ ಹಾಕಬಾರದು ಅಂತ ಅಜ್ಜಿ ಹೇಳಿರುತ್ತಾರಲ್ಲ, ಅವರಿಗೂ ಇದು ಒಪ್ಪಿಗೆಯೇ. ನೆತ್ತಿಯ ಮೇಲೆ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಒಳಗೆ ಹೆಚ್ಚು ಕಡಿಮೆ ಖಾಲಿ. ಮನೆಯ ಪಂಚಾಂಗ ತೆಗೆದು ನೋಡು, ಪೂರ್ವಾಭಾದ್ರ, ಉತ್ತರಾಭಾದ್ರ ಅಂತ ಎರಡು ನಕ್ಷತ್ರಗಳ ಹೆಸರಿವೆ. ಚೌಕದ ಪಶ್ಚಿಮದ ಜೋಡಿಯೇ ಪೂರ್ವಾಭಾದ್ರ, ಪೂರ್ವದ ಜೋಡಿಯೇ ಉತ್ತರಾಭಾದ್ರ. ಬಹಳ ಜನ ಹೆಸರು ಬಾಯಿಪಾಠ ಮಾಡಿರುತ್ತಾರೆ. ಆಕಾಶದಲ್ಲಿ ತೋರಿಸು ಅಂದರೆ ಗೊತ್ತಿರುವುದಿಲ್ಲ. ನೀನು ತೋರಿಸುವ ಹಾಗಾಗು.

ಉತ್ತರಾಭಾದ್ರದ ಉತ್ತರದ ನಕ್ಷತ್ರ, ಅಂದರೆ ನಿನ್ನ ಕಾಲ ಕಡೆಗೆ, ಬಲಗೈ ಮಗ್ಗುಲಿಗೆ ಇರುವ ಮೂಲೆ, ಅಲ್ಲಿಂದ ಹೊರಡು. ಕೈ ನೀಡಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಈಶಾನ್ಯಕ್ಕೆ ಒಂದೂವರೆ ಮುಷ್ಟಿ ದೂರ ಹೋದರೆ ಸ್ವಲ್ಪ ಕೆಂಪು ಛಾಯೆಯ ನಕ್ಷತ್ರ ಸಿಗುತ್ತದೆ. ಅದು ಮಿರಾಕ್. ದಾರಿಯ ನಡುವೆ ಇನ್ನೊಂದು ಮಂದ ನಕ್ಷತ್ರ ಇದೆ, ದಾರಿ ಸರಿಯಿದೆ ಅನ್ನುವುದಕ್ಕೆ ಅದೇ ಗುರುತು. ಮಿರಾಕ್‌ನಿಂದ ಎಡಕ್ಕೆ, ವಾಯವ್ಯದ ಕಡೆ ತಿರುಗು. ಎರಡು ಮೂರು ಬೆರಳು ದಾಟಿದರೆ ಒಂದು ಮಂದ ನಕ್ಷತ್ರ, ಮತ್ತೆರಡು ಬೆರಳು ದಾಟಿದರೆ ಇನ್ನೂ ಮಂದವಾದ ಮತ್ತೊಂದು. ಅದರ ಎಡಕ್ಕೆ, ಒಂದು ಬೆರಳು ಮಾತ್ರ ಆಚೆ, ನಕ್ಷತ್ರದ ಹಾಗೆ ಚೂಪಾಗಿ ಇರದೆ ಒರೆಸಿದ ಹಾಗಿರುವ ಚುಕ್ಕೆ ಇರುತ್ತದೆ. ಅದೇ.

ಸಂದೇಹ ಬಂದರೆ ಇನ್ನೊಂದು ದಾರಿ. ಉತ್ತರದಲ್ಲಿ ಇಂಗ್ಲಿಷ್ ಎಂ ಅಕ್ಷರದ ಹಾಗೆ ಐದು ನಕ್ಷತ್ರಗಳಿವೆ, ಕ್ಯಾಸಿಯೋಪಿಯಾ. ಅದರ ಎರಡು ಚೂಪುಗಳಲ್ಲಿ ಹೆಚ್ಚು ಚೂಪಾಗಿರುವುದು ಬಾಣದ ಹಾಗೆ ಇದರ ಕಡೆಗೇ ತೋರಿಸುತ್ತದೆ. ನಮ್ಮ ರಾಜ್ಯದಿಂದ ಆಂಡ್ರೊಮಿಡಾ ಚೆನ್ನಾಗಿ ಎತ್ತರಕ್ಕೆ ಬರುತ್ತದೆ, ಉತ್ತರ ದಿಗಂತದಿಂದ 60 ಡಿಗ್ರಿಗೂ ಮೇಲೆ. ಬರಿಗಣ್ಣಿಗೆ ಸುಲಭವಾಗಿ ಸಿಗುವ ವಸ್ತುಗಳಲ್ಲಿ ಅತಿ ದೂರದ್ದು ಇದು. ನೀನು ಬೇರೆ ಕಾಣುವ ಒಂದೊಂದು ನಕ್ಷತ್ರವೂ ನಮ್ಮ ಸೂರ್ಯ ಇರುವ ಗ್ಯಾಲಕ್ಸಿಯಾದ ಆಕಾಶಗಂಗೆಯೊಳಗಿನದು. ಇದೊಂದು ಮಾತ್ರ ಹೊರಗಿನದು.

ಟಾರ್ಚ್ ಬೇಕಾದರೆ ಗಾಜಿಗೆ ಕೆಂಪು ಕಾಗದ ಕಟ್ಟಿಕೋ. ತೋಟದ ಕಡೆ ಒಬ್ಬಳೇ ಹೋಗಬೇಡ, ಹಾವು ಹಪ್ಪಟೆ ಇರುತ್ತವೆ. ಕಂಡರೆ ನನಗೆ ಬರಿ.

ಪ್ರಶ್ನೆ: 25 ಲಕ್ಷ ಜ್ಯೋತಿರ್ವರ್ಷ ದೂರ ಅಂತೀರಿ. ಅಳತೆ ಟೇಪು ಹಿಡಿದು ಹೋದವರು ಯಾರು? ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಆಧಾರ ಏನು? (ರೈತರು, ರೋಣ)

ಒಳ್ಳೆಯ ಪ್ರಶ್ನೆ. ಹೇಳಿದ್ದನ್ನು ಸುಮ್ನೆ ಒಪ್ಪದೆ ಆಧಾರ ಕೇಳಿದ್ದೀರಿ. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ.

ರಾತ್ರಿ ಹೊಲದಲ್ಲಿ ನಿಂತಾಗ ದೂರದ ಪಂಪ್‌ಸೆಟ್ ಮನೆಗಳ ದೀಪ ಕಾಣುತ್ತವೆ. ಎಲ್ಲ ಮನೆಯಲ್ಲೂ ಒಂದೇ ವ್ಯಾಟಿನ ಬಲ್ಬು ಅಂತ ಗೊತ್ತಿದ್ದರೆ ಮಂಕಾಗಿ ಕಾಣುವುದು ದೂರದ್ದು ಅಂತ ಹೇಳಬಹುದು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಆದರೆ ನಕ್ಷತ್ರದ ಮೇಲೆ ವ್ಯಾಟ್ ಎಷ್ಟು ಅಂತ ಯಾರು ಬರೆದಿದ್ದಾರೆ?

ಅದನ್ನು ಓದುವ ದಾರಿ ಕಂಡುಹಿಡಿದವರು ಹೆನ್ರಿಯೆಟ್ಟಾ ಲೀವಿಟ್. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೋ ಫಲಕಗಳ ಮೇಲೆ ನಕ್ಷತ್ರಗಳ ಹೊಳಪು ಅಳೆಯುವುದು ಅವರ ಕೆಲಸ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸೆಫೀಡ್ ಅನ್ನುವ ಒಂದು ಜಾತಿಯ ನಕ್ಷತ್ರಗಳು ಲಯ ತಪ್ಪದೆ ಮಿನುಗಿ ಮಂಕಾಗುತ್ತವೆ. ಹೆಚ್ಚು ದಿನ ತೆಗೆದುಕೊಂಡು ಮಿನುಗುವುದು ಹೆಚ್ಚು ಬೆಳಕಿನ ನಕ್ಷತ್ರ ಅಂತ ಅವರು 1912ರಲ್ಲಿ 25 ನಕ್ಷತ್ರಗಳನ್ನು ಇಟ್ಟುಕೊಂಡು ತೋರಿಸಿದರು. ಅಲ್ಲಿಗೆ ವ್ಯಾಟ್ ಸಿಕ್ಕಿತು. ಮಿನುಗಿನ ದಿನ ಎಣಿಸಿದರೆ ಬಲ್ಬು ಎಷ್ಟರದ್ದು ಅಂತ ತಿಳಿಯಿತು.

ಅದನ್ನು ಆಂಡ್ರೊಮಿಡಾಕ್ಕೆ ಹಚ್ಚಿದವರು ಅಮೆರಿಕದ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್. ಆ ಹೊತ್ತಿಗೆ ದೊಡ್ಡ ವಾದ ನಡೆದಿತ್ತು. ಈ ಸುರುಳಿ ಮಬ್ಬುಗಳು ನಮ್ಮ ಆಕಾಶಗಂಗೆಯ ಒಳಗಿವೆ ಅಂತ ಕೆಲವರು, ಇಲ್ಲ, ಇವೇ ಬೇರೆ ಬೇರೆ ಆಕಾಶಗಂಗೆಗಳು ಅಂತ ಕೆಲವರು. 1920ರ ಏಪ್ರಿಲಿನಲ್ಲಿ ವಾಷಿಂಗ್ಟನ್ನಿನಲ್ಲಿ ಶೇಪ್ಲಿ ಮತ್ತು ಕರ್ಟಿಸ್ ಅನ್ನುವ ಇಬ್ಬರು ಖಗೋಳ ವಿಜ್ಞಾನಿಗಳು ಇದರ ಮೇಲೆ ಎದುರಾಬದುರು ನಿಂತು ಮಾತಾಡಿದರು. ವಾದ ತೀರಲಿಲ್ಲ.

1923ರ ಅಕ್ಟೋಬರಿನ ಒಂದು ರಾತ್ರಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ 100 ಇಂಚಿನ ಟೆಲಿಸ್ಕೋಪಿನಲ್ಲಿ ಹಬಲ್ ಆಂಡ್ರೊಮಿಡಾದ ಫೋಟೋ ತೆಗೆದರು. ಅದರಲ್ಲಿ ಹೊಸದಾಗಿ ಕಂಡ ಮೂರು ಚುಕ್ಕೆಗಳ ಪಕ್ಕ ಎನ್ ಅಂತ ಗುರುತು ಹಾಕಿದರು. ನೋವಾ, ಅಂದರೆ ತಟ್ಟನೆ ಹೊತ್ತಿ ಆರುವ ನಕ್ಷತ್ರ ಅಂತ ಅರ್ಥ. ಆಮೇಲೆ ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಒಂದು ಚುಕ್ಕೆ ಹೊತ್ತಿ ಆರುತ್ತಿಲ್ಲ, ಮತ್ತೆ ಮತ್ತೆ ಮಿನುಗುತ್ತಿದೆ ಅಂತ ಗೊತ್ತಾಯಿತು. ಆ ಎನ್ ಹೊಡೆದು ಹಾಕಿ ಮಿನುಗುವ ನಕ್ಷತ್ರ ಅಂತ ಗುರುತು ಬರೆದು ಆಶ್ಚರ್ಯ ಚಿಹ್ನೆ ಹಾಕಿದರು. ಆ ಫಲಕದ ಚಿತ್ರವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತಿದ್ದೆ. ಆ ಆಶ್ಚರ್ಯ ಚಿಹ್ನೆ ಕಂಡರೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಅದು ಸೆಫೀಡ್. 31 ದಿನಕ್ಕೊಮ್ಮೆ ಮಿನುಗುತ್ತಿತ್ತು. ಲೀವಿಟ್ ಹೇಳಿದ ಲೆಕ್ಕ ಹಾಕಿದಾಗ ಬಂದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಆಕಾಶಗಂಗೆಯ ಒಳಗೆ ಅಷ್ಟು ಜಾಗವೇ ಇಲ್ಲ. 1925ರ ಜನವರಿ 1ರಂದು ಈ ಸುದ್ದಿಯನ್ನು ಹಬಲ್ ಪರವಾಗಿ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಓದಲಾಯಿತು. ಅದನ್ನು ಕೇಳಲು ಲೀವಿಟ್ ಇರಲಿಲ್ಲ, 1921ರಲ್ಲೇ ತೀರಿಕೊಂಡಿದ್ದರು. ಈ ಭಾಗ ಹೇಳುವಾಗ ಪ್ರತಿ ಸಲ ನನಗೆ ಗಂಟಲು ಕಟ್ಟುತ್ತಿತ್ತು.

9 ಲಕ್ಷ 25 ಲಕ್ಷ ಆದದ್ದು ಹೇಗೆ ಅಂತ ನೀವು ಕೇಳೇ ಕೇಳುತ್ತೀರಿ. ಎರಡನೇ ಮಹಾಯುದ್ಧದ ಹೊತ್ತಿಗೆ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸುತ್ತಿದ್ದರು. ಜರ್ಮನಿಯಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಶತ್ರು ದೇಶದವರು ಅನ್ನುವ ಕಾರಣಕ್ಕೆ ಯುದ್ಧದ ಕೆಲಸಕ್ಕೆ ಹೋಗಲಾಗದೆ ಅದೇ ಮೌಂಟ್ ವಿಲ್ಸನ್‌ನಲ್ಲಿ ಉಳಿದಿದ್ದರು. ಆ ಕತ್ತಲಲ್ಲಿ ಅವರಿಗೆ ಆಂಡ್ರೊಮಿಡಾದ ನಡುಭಾಗದ ನಕ್ಷತ್ರಗಳು ಬಿಡಿ ಬಿಡಿಯಾಗಿ ಕಂಡವು. ನಕ್ಷತ್ರಗಳಲ್ಲಿ ಹಳೇ ಪೀಳಿಗೆ, ಹೊಸ ಪೀಳಿಗೆ ಅಂತ ಎರಡು ಬಗೆ ಇದೆ, ಸೆಫೀಡುಗಳಲ್ಲೂ ಎರಡು ಬಗೆ ಇದೆ ಅಂತ ಅವರ ಕೆಲಸದಿಂದ ತಿಳಿಯಿತು. ಅಂದರೆ ಹಬಲ್ 60 ವ್ಯಾಟಿನ ಬಲ್ಬನ್ನು 15 ವ್ಯಾಟಿನದು ಅಂದುಕೊಂಡ ಹಾಗಾಗಿತ್ತು. 1952ರಲ್ಲಿ ಬಾಡೆ ಇದನ್ನು ತಿದ್ದಿದಾಗ ದೂರ ಎರಡು ಪಟ್ಟಾಯಿತು. ಆಮೇಲೆ ಬೇರೆ ಬೇರೆ ವಿಧಾನಗಳಿಂದ ಅಳೆದಿದ್ದಾರೆ. ಎಲ್ಲವೂ 25 ಲಕ್ಷದ ಆಸುಪಾಸಿಗೇ ಬಂದು ನಿಲ್ಲುತ್ತವೆ. ನಾನು ಗಟ್ಟಿಯಾಗಿ ಹೇಳುವುದು ಅದಕ್ಕೆ.

ಪ್ರಶ್ನೆ: 25 ಲಕ್ಷ ವರ್ಷ ಹಿಂದೆ ಹೊರಟ ಬೆಳಕು ಅಂದರೆ, ಅದು ಈಗ ಅಲ್ಲಿ ಇದೆಯೋ ಇಲ್ಲವೋ? (ಪದವಿ ವಿದ್ಯಾರ್ಥಿ, ಕಲಬುರಗಿ)

ಇದೆ. 25 ಲಕ್ಷ ವರ್ಷ ನಮಗೆ ದೊಡ್ಡದು. ಗ್ಯಾಲಕ್ಸಿ ಒಂದು ಸುತ್ತು ತಿರುಗುವುದಕ್ಕೇ ಕೋಟಿಗಟ್ಟಲೆ ವರ್ಷ ಬೇಕು. ಅಲ್ಲಿನ ಭಾರೀ ನೀಲಿ ನಕ್ಷತ್ರಗಳಲ್ಲಿ ಕೆಲವು ಮಾತ್ರ ಈ ನಡುವೆ ಸಿಡಿದು ಮುಗಿದಿರಬಹುದು. ಬೇರೆ ಬಗೆಯ ಒಂದು ನಕ್ಷತ್ರ ಅಲ್ಲಿ ಸಿಡಿದ ಬೆಳಕು 1885ರಲ್ಲಿ ಇಲ್ಲಿಗೆ ತಲುಪಿತ್ತು.

ನೀವು ಕಲಬುರಗಿಯವರು, ಆದ್ದರಿಂದ ಇದನ್ನು ಹೇಳುತ್ತೇನೆ. ನಿಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಅಂತ ಊರಿದೆ. ಅಲ್ಲಿ ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗವನ್ನು ಪುರಾತತ್ವ ವಿಜ್ಞಾನಿಗಳು ಅಗೆದು ತೆಗೆದಿದ್ದಾರೆ. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಅಂತ ಲೆಕ್ಕ. ಇಸಾಂಪುರದಲ್ಲಿ ಕಲ್ಲಿಗೆ ಕಲ್ಲು ಕುಟ್ಟುತ್ತಿದ್ದಾಗ, ಈ ದೀಪಾವಳಿಗೆ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಆಂಡ್ರೊಮಿಡಾ ಬಿಟ್ಟು ಅರ್ಧ ದಾರಿ ಬಂದಿತ್ತು.

ಪ್ರಶ್ನೆ: ಆ ಗ್ಯಾಲಕ್ಸಿ ಬಂದು ನಮಗೆ ಡಿಕ್ಕಿ ಹೊಡೆಯುತ್ತದೆ ಅಂತ ಮೊಬೈಲಿನಲ್ಲಿ ನೋಡಿ ನನ್ನ ಮೊಮ್ಮಗಳು ಎರಡು ದಿನ ಸರಿಯಾಗಿ ನಿದ್ದೆ ಮಾಡಿಲ್ಲ. ಏನು ಹೇಳಲಿ? (ಗೃಹಿಣಿ, ಮೈಸೂರು)

ಅಮ್ಮಾ, ಮೊದಲು ಮಗುವಿಗೆ ಇದನ್ನು ಹೇಳಿ: ಅದು ನಿಧಾನಕ್ಕೆ ಹತ್ತಿರ ಬರುತ್ತಿರುವುದು ನಿಜ, ಆದರೆ ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ.

ಈಗ ನಿಮಗೆ ವಿವರ. 1912ರಲ್ಲಿ ಅಮೆರಿಕದ ವೆಸ್ಟೊ ಸ್ಲೈಫರ್ ಆಂಡ್ರೊಮಿಡಾದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿ, ಅದು ಸೆಕೆಂಡಿಗೆ 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆ ಬರುತ್ತಿದೆ ಅಂತ ಕಂಡರು. ಅದರಲ್ಲಿ ಹೆಚ್ಚಿನದು ನಮ್ಮ ಸೂರ್ಯ ಆಕಾಶಗಂಗೆಯನ್ನು ಸುತ್ತುವ ವೇಗ. ಅದನ್ನು ಕಳೆದರೆ ಎರಡು ಗ್ಯಾಲಕ್ಸಿಗಳು ಹತ್ತಿರವಾಗುತ್ತಿರುವುದು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್. ಇನ್ನು 400 ಕೋಟಿ ವರ್ಷಕ್ಕೆ ಡಿಕ್ಕಿ ಖಂಡಿತ ಅಂತ 2012ರಲ್ಲಿ ಹೇಳಿದ್ದರು. 2025ರಲ್ಲಿ ಇನ್ನೊಂದು ತಂಡ ಅಕ್ಕಪಕ್ಕದ ಗ್ಯಾಲಕ್ಸಿಗಳ ಸೆಳೆತವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿತು. ಮುಂದಿನ 1000 ಕೋಟಿ ವರ್ಷದಲ್ಲಿ ಡಿಕ್ಕಿ ಆಗುವ ಸಾಧ್ಯತೆ ಹೆಚ್ಚು ಕಡಿಮೆ ಅರ್ಧಕ್ಕರ್ಧ ಅಂತ ಅವರ ಉತ್ತರ.

ಆದರೂ ನಕ್ಷತ್ರಕ್ಕೆ ನಕ್ಷತ್ರ ಬಡಿಯುವುದಿಲ್ಲ. ಮೊಮ್ಮಗಳ ಕೈಗೆ ಒಂದು ಕಡಲೆಕಾಳು ಕೊಡಿ. ಸೂರ್ಯ ಅಷ್ಟಿದ್ದಾನೆ ಅಂದುಕೊಂಡು ಅದನ್ನು ಬೆಂಗಳೂರಿನಲ್ಲಿ ಇಟ್ಟರೆ ನಮಗೆ ಹತ್ತಿರದ ಇನ್ನೊಂದು ನಕ್ಷತ್ರ ಚಿತ್ರದುರ್ಗದಲ್ಲಿರುವ ಕಾಳು. ನಡುವೆ ಪೂರ್ತಿ ಖಾಲಿ. ಹೀಗೆ ಹರಡಿದ ಕಾಳುಗಳ ನಡುವೆ ಇನ್ನೊಂದು ಹಿಡಿ ಕಾಳು ಹಾದುಹೋದರೆ ಯಾವುದಕ್ಕೆ ಯಾವುದು ತಾಗೀತು? ರಾತ್ರಿ ಮಲಗುವಾಗ ಈ ಕಾಳಿನ ಆಟ ಆಡಿಸಿ. ನನ್ನ ಶಾಲೆಯ ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತಿತ್ತು.

ಪ್ರಶ್ನೆ: ಕಪ್ಪು ದ್ರವ್ಯ ಅಂತ ಒಂದಿದೆ, ಅದರ ಸುಳಿವು ಆಂಡ್ರೊಮಿಡಾದಲ್ಲೇ ಸಿಕ್ಕಿತು ಅಂತ ಕೇಳಿದೆ. ನಿಜವೇ? (ಉಪನ್ಯಾಸಕರು, ಹಾಸನ)

ಗಟ್ಟಿ ಸುಳಿವು ಸಿಕ್ಕ ಜಾಗಗಳಲ್ಲಿ ಇದೊಂದು. ನಮ್ಮ ಸೌರಮಂಡಲದಲ್ಲಿ ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ 47 ಕಿಲೋಮೀಟರ್ ಓಡುತ್ತದೆ, ದೂರದ ನೆಪ್ಚೂನ್ 5 ಕಿಲೋಮೀಟರ್ ಚಿಲ್ಲರೆ. ದೂರ ಹೋದಷ್ಟೂ ಸೆಳೆತ ಕಡಿಮೆ, ವೇಗ ಕಡಿಮೆ. ಗ್ಯಾಲಕ್ಸಿಯಲ್ಲೂ ಹೊರಗೆ ಹೋದಂತೆ ವೇಗ ಇಳಿಯಬೇಕಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾದ ಅನಿಲ ಮೋಡಗಳ ವೇಗವನ್ನು ಒಳಗಿನಿಂದ ಹೊರಗಿನ ತನಕ ಅಳೆದರು. ಹೊರಗೂ ವೇಗ ಇಳಿಯಲಿಲ್ಲ. ಕಾಣುವ ನಕ್ಷತ್ರಗಳ ತೂಕ ಅಷ್ಟು ವೇಗವನ್ನು ಹಿಡಿದಿಡಲು ಸಾಲದು. ಕಾಣದ ಏನೋ ಸುತ್ತ ತುಂಬಿಕೊಂಡಿದೆ. ಅದಕ್ಕೇ ಕಪ್ಪು ದ್ರವ್ಯ ಅಂತ ಹೆಸರು. ರೂಬಿನ್ ಆಮೇಲೆ ಬೇರೆ ಗ್ಯಾಲಕ್ಸಿಗಳನ್ನೂ ಒಂದೊಂದಾಗಿ ಅಳೆದರು, ಎಲ್ಲದರಲ್ಲೂ ಅದೇ ಕಥೆ. ಆ ಏನೋ ಯಾವುದು ಅಂತ ಇನ್ನೂ ಹುಡುಕುತ್ತಿದ್ದಾರೆ.

ಪ್ರಶ್ನೆ: ನಮ್ಮವರು ಯಾರಾದರೂ ಇದನ್ನು ಅಧ್ಯಯನ ಮಾಡುತ್ತಿದ್ದಾರಾ? (ಶಿಕ್ಷಕರು, ಕೋಲಾರ)

ನಿಮ್ಮ ಪಕ್ಕದಲ್ಲೇ ಮಾಡುತ್ತಿದ್ದಾರೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಬೆಳಕು ನೋಡುವ ಟೆಲಿಸ್ಕೋಪಿದೆ. ಅದನ್ನು ಕಟ್ಟುವ ಕೆಲಸದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು, ಜೋಡಿಸಿದ್ದು ಹೊಸಕೋಟೆಯಲ್ಲಿ. ಎಳೆಯ ಬಿಸಿ ನಕ್ಷತ್ರಗಳು ಅತಿನೇರಳೆಯಲ್ಲಿ ಎದ್ದು ಕಾಣುತ್ತವೆ. ಆಂಡ್ರೊಮಿಡಾವನ್ನು ತುಂಡು ತುಂಡಾಗಿ ಆ ಟೆಲಿಸ್ಕೋಪಿನಲ್ಲಿ ಚಿತ್ರಿಸಿದ್ದಾರೆ. ಇನ್ನು ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪಿದೆ. ಅದನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದಿಂದ! ಆಂಡ್ರೊಮಿಡಾದಲ್ಲಿ ವರ್ಷಕ್ಕೆ ಹತ್ತಾರು ನೋವಾಗಳು ಹೊತ್ತಿಕೊಳ್ಳುತ್ತವೆ. ಒಂದಂತೂ ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ, ನಮ್ಮೂರ ಜಾತ್ರೆಯ ಹಾಗೆ. ಹಾನ್ಲೆಯಿಂದಲೂ ಆಸ್ಟ್ರೋಸ್ಯಾಟ್‌ನಿಂದಲೂ ಅದನ್ನು ನೋಡಿದ್ದಾರೆ. ನಿಮ್ಮ ಮಕ್ಕಳಿಗೆ ಈ ವಿಷಯ ಹೇಳಿ. ಟೆಲಿಸ್ಕೋಪ್ ಅಂದರೆ ಅಮೆರಿಕ ಅಂತಲೇ ಬೆಳೆಯಬಾರದು ಅವರು.

ಪ್ರಶ್ನೆ: ನನಗೆ 74 ವರ್ಷ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಸಾಯುವ ಮುಂಚೆ ಒಮ್ಮೆ ಇದನ್ನು ನೋಡುವ ಆಸೆ. ಕಾಣುತ್ತದೆಯೇ? (ನಿವೃತ್ತ ಕಂಡಕ್ಟರ್, ದಾವಣಗೆರೆ)

ಕಾಣುತ್ತದೆ ಸರ್. ಪೊರೆ ತೆಗೆದ ಕಣ್ಣಿಗೆ ಬೆಳಕು ಮೊದಲಿಗಿಂತ ಚೆನ್ನಾಗಿಯೇ ಹೋಗುತ್ತದೆ.

ಒಂದು ಬೈನಾಕ್ಯುಲರ್ ಬೇಕು. 7x50 ಅಥವಾ 10x50 ಅಂತ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ. ವಯಸ್ಸಾದವರ ಕೈ ನಡುಗುತ್ತದೆ, ಅದಕ್ಕೆ 7x50 ಸಿಕ್ಕರೆ ಒಳ್ಳೆಯದು. ನೂರಾರು ಪಟ್ಟು ಹಿಗ್ಗಿಸುತ್ತದೆ ಅಂತ ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಏನೂ ಕೊಳ್ಳಬೇಡಿ. ದೂರ ನೋಡುವ ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ, ಬೈನಾಕ್ಯುಲರಿನ ರಬ್ಬರ್ ಅಂಚನ್ನು ಮಡಚಿ. ಊರಿನಿಂದ ಹೊರಗೆ, ಜಗಳೂರು ಕಡೆ ಹೋದರೆ ಆಕಾಶ ಕಪ್ಪಾಗಿರುತ್ತದೆ. ನಿಂತು ನೋಡಬೇಡಿ, ಕುತ್ತಿಗೆ ನೋಯುತ್ತದೆ. ಆರಾಮ ಕುರ್ಚಿಯಲ್ಲಿ ಒರಗಿ ಕೂತು, ಮೊಣಕೈ ಎರಡನ್ನೂ ಕುರ್ಚಿಯ ಕೈಗೆ ಊರಿ. ಸ್ವೆಟರ್ ಇರಲಿ.

ನನ್ನ ಅಪ್ಪನಿಗೆ ಪೊರೆ ತೆಗೆಸಿದ್ದು 78ನೇ ವಯಸ್ಸಿನಲ್ಲಿ. 1985ರಲ್ಲಿ ಮಾಳಿಗೆಗೆ ಕೂಗಿ ಕರೆದಾಗ ಬಂದು ನೋಡಿ, ಏನೂ ಕಾಣಲ್ಲ ಕಣವ್ವ ಅಂದು ಇಳಿದುಹೋಗಿದ್ದರು. ಆಪರೇಷನ್ ಆದ ವರ್ಷ ಕಾರ್ತಿಕದಲ್ಲಿ ಅದೇ ಮಾಳಿಗೆ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಸುಮಾರು ಹೊತ್ತು ಹಿಡಿದು ನೋಡಿದರು. ಆಮೇಲೆ ಬೈನಾಕ್ಯುಲರ್ ಇಳಿಸದೇ, ಹತ್ತಿ ಎಳೆ ಹಿಂಜಿದಂಗೈತೆ ಅಂದರು. ಮತ್ತೆ ನೋಡುತ್ತಾ ಕೂತರು. ನಾನು ಒಳಗೆ ಹೋಗಿ ಅವರಿಗೆ ಕಂಬಳಿ ತಂದೆ.